ನಮ್ಮ ಸಂಸದರ ಮತವನ್ನು ದಾಖಲೆಯಲ್ಲಿ ಹುಡುಕುವ ಬಗೆ

ಅರಣ್ಯ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಮಸೂದೆಯನ್ನು ಲೋಕಸಭೆ 2023ರ ಜುಲೈ 26ರಂದು ಅಂಗೀಕರಿಸಿದ ಮೇಲೆ ಸಾಗರ, ಹೊಸನಗರ ಸೀಮೆಯ ಅಡಿಕೆ ಬೆಳೆಗಾರರು ನನ್ನನ್ನು ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: ‘ನಮ್ಮ ಎಂಪಿ ಯಾವ ಕಡೆಗೆ ಓಟು ಹಾಕಿದ್ರು ಮೇಷ್ಟ್ರೇ?’ ಅದು ಬರಿಯ ಕುತೂಹಲದ ಪ್ರಶ್ನೆಯಲ್ಲ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಕಾನು ಎಂಬ ದಟ್ಟ ಕಾಡು, ಬಗರ್‌ಹುಕುಂ ಸಾಗುವಳಿ, ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಕಾಡಂಚಿಗೆ ಬಂದು ನೆಲೆಸಿದವರ ಹಕ್ಕುಪತ್ರ, ಇವೆಲ್ಲವೂ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕೆನ್ನುವ 1980ರ ಆ ಕಾಯ್ದೆಗೆ ಒಂದಲ್ಲ ಒಂದು ಬಗೆಯಲ್ಲಿ ತಗಲಿಕೊಂಡಿವೆ. ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನಾನು ಪಕ್ಷದ ನಿಲುವನ್ನು ನೋಡಿ ಉತ್ತರವನ್ನು ಊಹಿಸುವ ಬದಲು ಸದನದ ದಾಖಲೆಯಿಂದಲೇ ತೆಗೆದುಕೊಡಬೇಕೆಂದು ಹೊರಟೆ. ಅಂದಿನಿಂದ ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಮಸೂದೆಗಳಿಗೆಲ್ಲ ಇದೇ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ದಾಖಲೆ ಕೊಟ್ಟ ಉತ್ತರ ಬೆಳೆಗಾರರಿಗೆ ಸಮಾಧಾನ ತರಲಿಲ್ಲ. ಆ ಮಸೂದೆ ಧ್ವನಿಮತದಿಂದ, ಎಂದರೆ ಪರ-ವಿರೋಧದ ಕೂಗನ್ನು ಕೇಳಿಯೇ, ಅಂಗೀಕಾರವಾಗಿತ್ತು; ಆದ್ದರಿಂದ ಶಿವಮೊಗ್ಗದವರೇ ಇರಲಿ, ದೇಶದ ಯಾವುದೇ ಕ್ಷೇತ್ರದವರೇ ಇರಲಿ, ಯಾವ ಸದಸ್ಯರ ಮತವೂ ಹೆಸರಿನ ಸಹಿತ ಎಲ್ಲಿಯೂ ಬರೆಯಲ್ಪಟ್ಟಿಲ್ಲ. ರಾಜ್ಯಸಭೆಯಲ್ಲಿ ಆಗಸ್ಟ್ 2ರಂದು ನಡೆದದ್ದೂ ಹಾಗೆಯೇ. ನಮ್ಮ ಅಡಿಕೆ ಮಂಡಿಗಳಲ್ಲಿ ಅಷ್ಟೊಂದು ಚರ್ಚೆಯಾದ 2020ರ ಕೃಷಿ ಮಸೂದೆಗಳೂ ಧ್ವನಿಮತದಿಂದಲೇ ಅಂಗೀಕಾರವಾದವು, 2021ರ ನವೆಂಬರ್ 29ರಂದು ಅವುಗಳನ್ನು ಹಿಂದಕ್ಕೆ ಪಡೆದ ಮಸೂದೆಯೂ ಧ್ವನಿಮತದಿಂದಲೇ ಅಂಗೀಕಾರವಾಯಿತು. ಆದ್ದರಿಂದ ಯಾರಾದರೂ ‘ಎಂಪಿ ಹೇಗೆ ಮತ ಹಾಕಿದರು’ ಎಂದು ಕೇಳಿದರೆ, ಆ ದಿನ ಮತವಿಭಜನೆ, ಎಂದರೆ ಮತಗಳನ್ನು ಎಣಿಸಿ ದಾಖಲಿಸುವ ಕ್ರಮ, ನಡೆಯಿತೇ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಮತವಿಭಜನೆ ತಾನಾಗಿ ನಡೆಯುವುದಿಲ್ಲ. ಸ್ಪೀಕರ್ ಪ್ರಸ್ತಾವವನ್ನು ಸದನದ ಮುಂದಿಟ್ಟು, ಪರವಾಗಿರುವವರ ಮತ್ತು ವಿರೋಧವಾಗಿರುವವರ ಕೂಗನ್ನು ಕೇಳಿ, ಯಾವ ಕಡೆ ಬಹುಮತವಿದೆಯೆಂದು ತಮ್ಮ ಅಭಿಪ್ರಾಯ ಹೇಳುತ್ತಾರೆ. ಅದನ್ನು ಒಬ್ಬ ಸದಸ್ಯರು ಪ್ರಶ್ನಿಸಿದರೂ ಸದನಕ್ಕೆ ಹೊಂದಿಕೊಂಡ ಪಡಸಾಲೆಗಳಾದ ಲಾಬಿಗಳನ್ನು ತೆರವುಗೊಳಿಸಲು ಆದೇಶವಾಗುತ್ತದೆ, ಗಂಟೆ ಬಾರಿಸುತ್ತದೆ, ಮೂರೂವರೆ ನಿಮಿಷ ಕಳೆದ ಮೇಲೆ ಪ್ರಸ್ತಾವವನ್ನು ಎರಡನೆಯ ಸಲ ಮತಕ್ಕೆ ಹಾಕುತ್ತಾರೆ. ಆಗಲೂ ಆಕ್ಷೇಪ ಉಳಿದರೆ ಸದಸ್ಯರು ತಮ್ಮ ಆಸನದ ಗುಂಡಿ ಒತ್ತಿ ಮತ ದಾಖಲಿಸುತ್ತಾರೆ: ಪರವಾಗಿ ಹಸಿರು, ವಿರುದ್ಧವಾಗಿ ಕೆಂಪು, ತಟಸ್ಥರಿಗೆ ಹಳದಿ. ಇಲ್ಲಿ ಓದುಗರು ಗಮನಿಸಬೇಕಾದ ಒಂದು ನಿಯಮವಿದೆ. ಮತವಿಭಜನೆಯ ಬೇಡಿಕೆ ಅನಗತ್ಯವೆಂದು ಸ್ಪೀಕರ್‌ಗೆ ತೋರಿದರೆ ಅವರು ಎರಡೂ ಕಡೆಯವರನ್ನು ತಮ್ಮ ತಮ್ಮ ಜಾಗದಲ್ಲೇ ಎದ್ದು ನಿಲ್ಲುವಂತೆ ಹೇಳಿ ತಲೆ ಎಣಿಸಿ ನಿರ್ಣಯ ಪ್ರಕಟಿಸಬಹುದು, ಮತ್ತು ಹಾಗೆ ಮಾಡಿದಾಗ ಹೆಸರುಗಳು ದಾಖಲಾಗುವುದಿಲ್ಲ. ಪ್ರಜೆಗಳ ಕಡೆಯಿಂದ ನೋಡಿದರೆ ಇದು ಸಣ್ಣ ವಿಷಯವಲ್ಲವೆಂದೇ ನನ್ನ ಅಭಿಪ್ರಾಯ.

ಹೆಸರುಗಳು ಖಚಿತವಾಗಿ ಸಿಗುವುದು ಸಂವಿಧಾನ ತಿದ್ದುಪಡಿ ಮಸೂದೆಗಳಲ್ಲಿ. 368ನೆಯ ವಿಧಿಯ ಪ್ರಕಾರ ಸದನದ ಒಟ್ಟು ಸದಸ್ಯಬಲದ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೆಯ ಎರಡು ಭಾಗ ಎರಡೂ ಬೇಕಾಗಿರುವುದರಿಂದ ಅಲ್ಲಿ ಎಣಿಕೆ ತಪ್ಪಿಸುವಂತಿಲ್ಲ. ಮಹಿಳಾ ಮೀಸಲಾತಿ ಮಸೂದೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ 454 ಪರ, 2 ವಿರೋಧ ಮತಗಳಿಂದ ಅಂಗೀಕಾರವಾದದ್ದು ನಿದರ್ಶನ. ಸಾಮಾನ್ಯ ಮಸೂದೆಗಳಲ್ಲಿ ವಿರೋಧ ಪಕ್ಷದವರು ಪಟ್ಟು ಹಿಡಿದಾಗ ಪಟ್ಟಿ ಸಿಗುತ್ತದೆ. 2025ರ ವಕ್ಫ್ ತಿದ್ದುಪಡಿ ಮಸೂದೆಗೆ 288 ಪರ, 232 ವಿರೋಧ ಮತಗಳು ಬಂದವು. ಆ ಮತದಾನ ನಡುರಾತ್ರಿ ದಾಟಿ ಏಪ್ರಿಲ್ 3ರಂದು ನಡೆದರೂ ಅದು ಏಪ್ರಿಲ್ 2ರಂದು ಆರಂಭವಾದ ಕಲಾಪದ ಭಾಗವಾಗಿದ್ದುದರಿಂದ, ದಾಖಲೆಯನ್ನು ಏಪ್ರಿಲ್ 2ರ ದಿನಾಂಕದಲ್ಲಿ ಹುಡುಕಬೇಕು.

ಸಂಸತ್ತಿನ ಜಾಲತಾಣದಲ್ಲಿ ನಾನು ಮೊದಲು ತೆರೆಯುವುದು ಆ ದಿನದ ಬುಲೆಟಿನ್ ಭಾಗ 1. ಕಲಾಪದ ಸಾರ ಅಲ್ಲಿ ಚಿಕ್ಕದಾಗಿ ಇರುತ್ತದೆ. ಮತವಿಭಜನೆ ನಡೆದದ್ದು ಖಚಿತವಾದ ಮೇಲೆ ಚರ್ಚೆಯ ಪೂರ್ಣ ವರದಿಗೆ ಹೋಗುತ್ತೇನೆ. ಪಟ್ಟಿ ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿರುತ್ತದೆ, ಮೊದಲು ಹೆಸರು ಬಂದು ಇನಿಷಿಯಲ್‌ಗಳು ಅದರ ಹಿಂದೆ ಬರುತ್ತವೆ. ನಮ್ಮ ಕಡೆಯವರ ಹೆಸರನ್ನು ಇನಿಷಿಯಲ್‌ನಿಂದ ಹುಡುಕಿದರೆ ಸಿಗುವುದಿಲ್ಲ. ಪಟ್ಟಿಯ ಕೆಳಗಿನ ಅಡಿಟಿಪ್ಪಣಿಯನ್ನು ಬಿಡಬಾರದು, ಏಕೆಂದರೆ ಸದನದ ಫಲಕದಲ್ಲಿ ಪ್ರಕಟವಾಗುವ ಸಂಖ್ಯೆ ತಿದ್ದುಪಡಿಗೆ ಒಳಪಟ್ಟದ್ದು, ಗುಂಡಿಯ ಬದಲು ಚೀಟಿಯ ಮೂಲಕ ಮತ ಕೊಟ್ಟವರ ಹೆಸರುಗಳು ಅಲ್ಲಿ ಸೇರಿರುತ್ತವೆ. ಹೆಸರು ಎಲ್ಲಿಯೂ ಕಾಣದಿದ್ದರೆ ಅದನ್ನು ವಿರೋಧವೆಂದು ಬರೆಯುವುದು ಅನ್ಯಾಯ. ಹಾಜರಿ ಪುಸ್ತಕದ ಸಹಿ ಆ ದಿನ ಬಂದಿದ್ದರೆಂದು ಹೇಳುತ್ತದೆಯೇ ಹೊರತು ಮತದಾನದ ಗಳಿಗೆಯಲ್ಲಿ ಕುಳಿತಿದ್ದರೆಂದು ಹೇಳುವುದಿಲ್ಲ. ಮಂತ್ರಿಗಳಂತೂ ಆ ಪುಸ್ತಕಕ್ಕೆ ಸಹಿ ಹಾಕುವುದೇ ಇಲ್ಲ. ಮಸೂದೆಯ ಕಲಂಗಳ ಮೇಲೆ ಬಂದ ತಿದ್ದುಪಡಿಗಳಿಗೂ ಬೇರೆ ಬೇರೆ ಮತವಿಭಜನೆ ನಡೆದಿರಬಹುದು. ಒಬ್ಬ ಸದಸ್ಯರ ನಿಲುವು ಕೊನೆಯ ಮತಕ್ಕಿಂತ ಅಲ್ಲಿಯೇ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ.

ಪಟ್ಟಿ ಕೈಗೆ ಬಂದ ಮೇಲೂ ಅದನ್ನು ವಿಪ್, ಎಂದರೆ ಹೀಗೆಯೇ ಮತ ಹಾಕಬೇಕೆಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ನಿರ್ದೇಶನದ ಜೊತೆಯಲ್ಲಿಟ್ಟು ಓದಬೇಕು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದ ಅಥವಾ ಮತದಾನದಿಂದ ದೂರ ಉಳಿದ ಸದಸ್ಯರು, ಮೊದಲೇ ಅನುಮತಿ ಪಡೆದಿರದಿದ್ದರೆ ಮತ್ತು ಪಕ್ಷವು ಹದಿನೈದು ದಿನಗಳೊಳಗೆ ಅದನ್ನು ಮನ್ನಿಸದಿದ್ದರೆ, ಅನರ್ಹತೆಗೆ ಗುರಿಯಾಗುತ್ತಾರೆ. ತೀರ್ಥಹಳ್ಳಿಯ ತೋಟದವರ ಮನಸ್ಸು ಒಂದು ಕಡೆ, ವಿಪ್ ಇನ್ನೊಂದು ಕಡೆ ಇದ್ದಾಗ ಸಂಸದರ ಬೆರಳು ಯಾವ ಗುಂಡಿಯ ಮೇಲೆ ಹೋಗುತ್ತದೆಂಬುದು ಯಾವ ಪಕ್ಷದವರಿದ್ದರೂ ಬಹುಮಟ್ಟಿಗೆ ಮೊದಲೇ ತೀರ್ಮಾನವಾಗಿರುತ್ತದೆ.

ಇದರಿಂದಾಗಿ ನನ್ನ ಗಮನ ಈಗ ಮತದಾನಕ್ಕಿಂತ ಮುಂಚಿನ ಹಂತಗಳ ಮೇಲಿದೆ. ಅರಣ್ಯ ಮಸೂದೆ 2023ರ ಮಾರ್ಚ್ 29ರಂದು ಮಂಡನೆಯಾಗಿ ಜಂಟಿ ಸಮಿತಿಗೆ ಹೋಯಿತು. ಸಮಿತಿ ಯಾವ ಬದಲಾವಣೆಯನ್ನೂ ಸೂಚಿಸದೆ ಜುಲೈನಲ್ಲಿ ವರದಿ ಕೊಟ್ಟಿತು, ಕೆಲವು ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದರು. ಸದನದಲ್ಲಿ ಹೆಸರಿನ ಪಟ್ಟಿ ಇಲ್ಲದ ಆ ಮಸೂದೆಯ ಮೇಲೆ ಯಾರ ವಿಚಾರ ಏನಿತ್ತೆಂದು ಹೆಸರಿನೊಂದಿಗೆ ತಿಳಿಯಲು ನನಗೆ ಹೆಚ್ಚು ನೆರವಾದದ್ದು ಆ ಟಿಪ್ಪಣಿಗಳೇ. ಸಮಿತಿಗಳು ಸಾರ್ವಜನಿಕರಿಂದ ಸಲಹೆ ಕರೆಯುತ್ತವೆ, ಅಲ್ಲಿ ಸಾಮಾನ್ಯವಾಗಿ ವಿಪ್ ಇರುವುದಿಲ್ಲ. ನಮ್ಮ ಮನವಿಗಳು ಅಲ್ಲಿಗೆ ಸಕಾಲದಲ್ಲಿ ತಲುಪಬೇಕೆಂದು ಬೆಳೆಗಾರರ ಸಭೆಗಳಲ್ಲಿ ಒತ್ತಿ ಹೇಳುತ್ತೇನೆ.

ಸಮಿತಿಗೆ ಹೋಗದ ಮಸೂದೆಯಾದರೆ ಸಂಸದರಿಗೆ ನೇರವಾಗಿ ಪತ್ರ ಬರೆಯುತ್ತೇವೆ. ತಿದ್ದುಪಡಿಯ ಸೂಚನೆಯನ್ನು ಮಸೂದೆ ಪರಿಶೀಲನೆಗೆ ಬರುವ ದಿನಕ್ಕಿಂತ ಒಂದು ದಿನ ಮೊದಲೇ ಕೊಡಬೇಕಾಗಿರುವುದರಿಂದ ಪತ್ರ ಅದಕ್ಕೂ ಬಹಳ ಮುಂಚೆ ತಲುಪಬೇಕು. ಅದರಲ್ಲಿ ಮಸೂದೆಯ ಪರವೋ ವಿರೋಧವೋ ಎಂಬ ಮಾತನ್ನು ಬೆಳೆಸದೆ, ಯಾವ ಕಲಂನ ಯಾವ ಪದ ನಮ್ಮ ಬೆಟ್ಟ-ತೋಟಗಳಿಗೆ ತೊಡಕಾಗುತ್ತದೆ, ಅದರ ಬದಲು ಏನಿರಬೇಕು ಎಂಬುದನ್ನು ಬರೆದು, ಆ ಕಲಂನ ಮೇಲೆ ಮತವಿಭಜನೆ ಕೇಳಬೇಕೆಂದು ಕೋರುತ್ತೇವೆ. ರಾಜ್ಯಸಭೆಯಲ್ಲಿರುವ ಕರ್ನಾಟಕದ 12 ಸದಸ್ಯರಿಗೂ ಅದೇ ಪತ್ರದ ಪ್ರತಿಗಳನ್ನು ಕಳಿಸುತ್ತೇವೆ.