ಜೈಲಿನಲ್ಲಿ ವೈರಿಂಗ್ ಕಲಿಸಿದ್ದು: ನನ್ನ ಅನುಭವ

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಿಕಲ್ ಮೇಷ್ಟ್ರು. ಪಾಲಿಟೆಕ್ನಿಕ್‌ಗಳ ಮೂಲಕ ಸುತ್ತಮುತ್ತಲಿನ ಜನಕ್ಕೆ ಪುಕ್ಕಟೆಯಾಗಿ ಕೆಲಸ ಕಲಿಸುವ ಕೇಂದ್ರದ ಯೋಜನೆ ಒಂದಿದೆ, 3ರಿಂದ 6 ತಿಂಗಳ ಕೋರ್ಸು. ಅದರಡಿಯಲ್ಲೇ ನಮ್ಮ ಜಿಲ್ಲೆಯ ಜೈಲಿನಲ್ಲಿ ಮನೆ ವೈರಿಂಗ್ ಕಲಿಸಲು ಹೋದೆ.

ಜೈಲಿನಲ್ಲಿ ಇರುವವರೆಲ್ಲ ಶಿಕ್ಷೆ ಆದವರಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ನೂರಕ್ಕೆ 75ಕ್ಕೂ ಜಾಸ್ತಿ ಜನ ವಿಚಾರಣೆ ಮುಗಿಯದವರೇ. ಇವತ್ತು ಕ್ಲಾಸಿನಲ್ಲಿ ಕೂತವನಿಗೆ ನಾಳೆ ಜಾಮೀನು ಸಿಗಬಹುದು. ಸಿಗಲಿ, ಒಳ್ಳೆಯದೇ. ಆದರೆ ಅರ್ಧ ಕಲಿತ ಕೋರ್ಸಿನಿಂದ ಅವನಿಗೇನು ಸಿಕ್ಕಿತು? ಅದಕ್ಕೇ ಪಾಠವನ್ನು ತುಂಡು ಮಾಡಿದೆ. ಮೊದಲು ಸ್ವಿಚ್ ಬೋರ್ಡ್, ಆಮೇಲೆ ಸೀಲಿಂಗ್ ಫ್ಯಾನ್, ಕೊನೆಗೆ ಪೂರ್ತಿ ಮನೆ. ಫ್ಯಾನ್ ನಿಧಾನವಾದರೆ ಮೊದಲು ಅದನ್ನು ತಿರುಗಿಸಲು ನೆರವಾಗುವ ಪುಟ್ಟ ಭಾಗ, ಅಂದರೆ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ನೋಡಬೇಕು ಅಂತ ಗೊತ್ತಿದ್ದರೂ ಸಾಕು, ಹೊರಗೆ ಹೋದ ವಾರದಲ್ಲೇ ನಾಲ್ಕು ಕಾಸು ಸಿಗುತ್ತದೆ. ತುಂಡಿಗೊಂದು ಸರ್ಟಿಫಿಕೇಟ್ ಕೊಟ್ಟೆವು. ಅದರ ಮೇಲೆ ಕಾಲೇಜಿನ ಹೆಸರು, ಸೀಲು ಅಷ್ಟೇ, ಜೈಲಿನ ಮಾತಿಲ್ಲ.

ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್ ಒಳಗೆ ಬಿಡಲು ಸಿಬ್ಬಂದಿಗೆ ಭಯ. ಅದು ಸಹಜ ಅಲ್ವಾ? ಒಂದು ಹಲಗೆ ಮಾಡಿಸಿ, ಪ್ರತಿ ಸಾಮಾನಿನ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆಸಿದೆ. ಒಂದು ಟೆಸ್ಟರ್ ವಾಪಸ್ ಬಾರದಿದ್ದರೂ ಆ ಜಾಗ ಖಾಲಿ ಖಾಲಿ ಕಾಣುತ್ತದೆ. ಎಣಿಸಿ ಒಪ್ಪಿಸುವ ಕೆಲಸ ಕಲಿಯುವವರದೇ, ಸರದಿ ಪ್ರಕಾರ. ಸರದಿ ಬಂದವನು ಎಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದ ಅಂದರೆ, ಎಲ್ಲ ಸಾಮಾನೂ ಹಲಗೆಗೆ ಸೇರುವ ತನಕ ಯಾರನ್ನೂ ಎದ್ದು ಹೋಗಲು ಬಿಡುತ್ತಿರಲಿಲ್ಲ.

ಮೆಟ್ಟಿಲ ದೀಪಕ್ಕೆ ಮೇಲಿಂದಲೂ ಕೆಳಗಿಂದಲೂ ಹಾಕಿ ಆರಿಸುವ ಟೂ-ವೇ ಸ್ವಿಚ್ ಹಾಕಿದ ದಿನ ಒಬ್ಬ ಮೇಲಿನದನ್ನೂ ಕೆಳಗಿನದನ್ನೂ ಒತ್ತಿ ಒತ್ತಿ ನೋಡಿದ. "ಸಾರ್, ನಮ್ಮಕ್ಕನ ಮನೇಲಿ ಮೆಟ್ಟಿಲು ಕತ್ತಲು. ಇದನ್ನ ನಾನೇ ಹಾಕ್ತೀನಿ" ಅಂದ.

ನಿಜವಾದ ಕಷ್ಟ ಇರುವುದು ಗೇಟಿನ ಹೊರಗೆ. ಬಿಡುಗಡೆ ಆದವರಿಗೆ ಕಾಲೇಜಿನ ಲ್ಯಾಬಿಗೆ ಬಂದು ಉಳಿದ ತುಂಡು ಮುಗಿಸಲು ಅವಕಾಶ ಮಾಡಿಕೊಟ್ಟೆವು. ಅವರು ಒಪ್ಪಿದರೆ ಮಾತ್ರ ಗುತ್ತಿಗೆದಾರರ ಹತ್ತಿರ ನಾನೇ ಮಾತಾಡುತ್ತೇನೆ, ಏನನ್ನೂ ಮುಚ್ಚಿಡುವುದಿಲ್ಲ. ಜಾಮೀನಿನ ಷರತ್ತಿನಂತೆ ಕೆಲವರು ಗೊತ್ತುಪಡಿಸಿದ ದಿನ ಠಾಣೆಗೆ ಹೋಗಿ ಸಹಿ ಹಾಕಬೇಕು. ಆ ಬೆಳಗ್ಗೆ ರಜೆ ಕೊಡುತ್ತೀರಾ ಅಂತ ಮೊದಲೇ ಕೇಳುತ್ತೇನೆ. ಹೂಂ ಅಂದವರ ಹತ್ತಿರ ಮಾತ್ರ ಹುಡುಗರನ್ನು ಕಳಿಸುತ್ತೇನೆ.