ಬಳ್ಳಾರಿಗೆ ಹೊಸದಾಗಿ ಬಂದವರಿಗೆ: ಬಾಡಿಗೆ ಮನೆಯ ಕೋಣೆಯನ್ನು ನೀವೇ ಚಂದ ಮಾಡಿಕೊಳ್ಳಿ

ಮನೆ ಸಿಕ್ಕಿತು, ಹಾಲು ಉಕ್ಕಿಸಿದ್ದೂ ಆಯಿತು. ಈಗ ಗೋಡೆ ನೋಡಿ ಮನಸ್ಸು ಕುಗ್ಗಿದೆ, ಅಲ್ವಾ? ಮಾಸಿದ ಡಿಸ್ಟೆಂಪರ್, ಕೆಳಗಡೆ ಉದುರುವ ಬಿಳಿ ಪುಡಿ, ಕಿಟಕಿ ಸರಳಿನ ಮೇಲೆ ಕೆಂಪು ಧೂಳು. ನಮ್ಮ ಸಂಘದಲ್ಲಿ ಬಹಳ ಜನ ಶಿವಮೊಗ್ಗ, ಮೈಸೂರು, ಮಂಗಳೂರು ಕಡೆಯಿಂದ ತೋರಣಗಲ್ಲಿನ ಕಾರ್ಖಾನೆಗೋ, ಬ್ಯಾಂಕಿಗೋ, ಕಾಲೇಜಿಗೋ ಬಂದವರು. ಇದನ್ನೆಲ್ಲ ನೋಡಿ ಕಂಗಾಲಾದವರೇ. ಒಂದು ಕೋಣೆಗೆ ಪೇಂಟರ್‌ನನ್ನು ಕರೆಯುವ ಅಗತ್ಯವಿಲ್ಲ. ಆದರೆ ಯುಗಾದಿಗೆ ಮೊದಲೇ ಮುಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಏಣಿ ಹತ್ತುವ ಮಾತೇ ಇಲ್ಲ.

ಮೊದಲು ಮಾಲೀಕರ ಹತ್ತಿರ ಮಾತಾಡಿ

ಬಣ್ಣ ಆಮೇಲೆ, ಇದು ಮೊದಲು. ನಮ್ಮ ಮೊದಲ ಬಾಡಿಗೆ ಮನೆಯಲ್ಲಿ ಹಾಲ್‌ಗೆ ನಾವೇ ಬಣ್ಣ ಹೊಡೆದೆವು. ಮಾಲೀಕರು ಬಂದು ನೋಡಿ, “ಚಲೋ ಆಗೈತ್ರಿ” ಎಂದು ಚಹಾ ಕುಡಿದು ಹೋದರು. ಮನೆ ಬಿಡುವಾಗ ಅದೇ ಹಾಲ್ ಸೇರಿಸಿ ಪೂರ್ತಿ ಮನೆಯ ಬಣ್ಣದ ಖರ್ಚನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡರು. ಮೊಳೆ ತೂತಿಗೆ ಬೇರೆ ಲೆಕ್ಕ! ಅದಕ್ಕೇ ಹೇಳುವುದು, ಸಾಮಾನು ಇಳಿಸುವ ಮೊದಲೇ ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ. ಯಾವ ಗೋಡೆಗೆ ಏನು ಹಚ್ಚುತ್ತೀರಿ ಎಂದು ತಿಳಿಸಿ. ಸಾಮಾನಿನ ದುಡ್ಡನ್ನು ಬಾಡಿಗೆಯಲ್ಲಿ ಹಿಡಿಯುತ್ತಾರಾ, ಬಿಡುವಾಗ ಬಣ್ಣಕ್ಕೆ ಎಷ್ಟು ಮುರಿಯುತ್ತಾರೆ, ಎರಡನ್ನೂ ಬರಹದಲ್ಲೇ ಕೇಳಿ. ಬಾಯಲ್ಲಿ “ಹೂಂ” ಅಂದದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಕರಾರು ಪತ್ರದಲ್ಲಿ ಬಣ್ಣದ ಸಾಲು ಇದೆಯಾ ನೋಡಿ. ಓದದೆ ಸಹಿ ಹಾಕುವ ಚಟ ನಮ್ಮವರಿಗೆ ಸ್ವಲ್ಪ ಜಾಸ್ತಿ. ಇಲ್ಲಿನವರು ನೇರ ಮಾತಿನ ಜನ, ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಸಂಕೋಚವೆಲ್ಲ ನಮ್ಮದೇ.

ಗೋಡೆ ಮತ್ತು ಸುಣ್ಣ

ಕೆಳಗಿನ ಬಿಳಿ ಪುಡಿ ಉಪ್ಪು. ನೆಲದ ತೇವದ ಜೊತೆ ಮೇಲೇರಿ, ನೀರು ಆರಿದ ಮೇಲೆ ಗೋಡೆಯಲ್ಲೇ ಉಳಿಯುತ್ತದೆ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಶ್‌ನಲ್ಲಿ ಉಜ್ಜಿ, ಉದುರಿದ್ದನ್ನು ಗುಡಿಸಿ ಆಚೆ ಹಾಕಿ. ಆಯಿಲ್ ಪೇಂಟ್ ಬಳಿದು ಮುಚ್ಚಲು ಹೋಗಬೇಡಿ. ತೇವಕ್ಕೆ ದಾರಿ ಸಿಗದೆ ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತದೆ. ಇಂಥ ಗೋಡೆಗೆ ಸುಣ್ಣವೇ ಸರಿ, ತೇವ ಹೊರಗೆ ಹೋಗಲು ಬಿಡುತ್ತದೆ. ಆದರೆ ಹಳೇ ಡಿಸ್ಟೆಂಪರನ್ನು ಸ್ಕ್ರೇಪರ್‌ನಿಂದ ಕೆರೆದು, ಉಪ್ಪು ಕಾಗದದಲ್ಲಿ ಉಜ್ಜಿ ತೆಗೆಯಲೇಬೇಕು. ಅದರ ಮೇಲೆ ಸುಣ್ಣ ನಿಲ್ಲುವುದಿಲ್ಲ. ಕೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಸುಣ್ಣ ಕಲಸುವುದನ್ನು ಊರಲ್ಲಿ ನೋಡಿಯೇ ಇರುತ್ತೀರಿ. ಆದರೂ ಒಂದು ಮಾತು. ಹಳೇ ಕಬ್ಬಿಣದ ಬಕೆಟ್‌ಗೆ ಮೊದಲು ನೀರು, ಆಮೇಲೆ ಸುಣ್ಣದ ಹರಳು ಸ್ವಲ್ಪ ಸ್ವಲ್ಪವೇ. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಬೇಡ. ಮಕ್ಕಳು ಹತ್ತಿರ ಸುಳಿಯಬಾರದು, ನಿಮ್ಮ ಕಣ್ಣಿಗೆ ಕನ್ನಡಕ ಇರಲಿ. ಕಣ್ಣಿಗೆ ಹಾರಿದರೆ ಉಜ್ಜದೆ ತುಂಬಾ ಹೊತ್ತು ನೀರಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಒಂದಿಷ್ಟು ಅಂಟು, ಚೂರು ನೀಲಿ ಸೇರಿಸಿ. ಹಚ್ಚುವಾಗ ಹಸಿ ಗೋಡೆಯಲ್ಲಿ ಏನೂ ಕಾಣುವುದಿಲ್ಲ. ಗಾಬರಿಯಾಗಿ ದಪ್ಪಗೆ ಬಳಿಯಬೇಡಿ, ಒಣಗಿದಂತೆ ಬೆಳ್ಳಗಾಗುತ್ತದೆ. ತೆಳ್ಳಗೆ ಎರಡು ಕೋಟ್ ಸಾಕು. ದಪ್ಪಗೆ ಬಳಿದದ್ದು ಹಾಸಿಗೆ ಮೇಲೆ ಉದುರುತ್ತದೆ.

ಮೇಲಿನ ಮನೆಯವರು ಮಾಲೀಕರನ್ನು ಕೇಳಿ ತಾರಸಿಗೂ ಸುಣ್ಣ ಹೊಡೆಯಿರಿ. ಬಿಳಿ ತಾರಸಿ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಕೆಳಗಿನ ಕೋಣೆ ಕಾಯುವುದು ಕಡಿಮೆ. ಮಳೆಗೆ ತೊಳೆದು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಹೊಡೆಯಬೇಕು.

ಅಂಗಡಿಗೆ ಹೋದಾಗ

ಉಪ್ಪು ಕಾಗದ, ಸ್ಕ್ರೇಪರ್, ಬ್ರಶ್, ಸುಣ್ಣ, ಅಂಟು, ನೀಲಿ, ವೆಲ್ಕ್ರೋ ಸೊಳ್ಳೆ ಪರದೆ. ಅಂಗಡಿಯವರು ತೆಲುಗಲ್ಲಿ ಶುರು ಮಾಡಿದರೂ ನೀವು ಕನ್ನಡದಲ್ಲೇ ಕೇಳಿ, ಅವರಿಗೆ ಚೆನ್ನಾಗಿ ಬರುತ್ತದೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರಿದ ಊರಿದು. ಅದಕ್ಕಾಗಿ ಪಿಂಜಾರ ರಂಜಾನ್ ಸಾಬ್ ಪ್ರಾಣ ಕೊಟ್ಟಿದ್ದಾರೆ. ನಾವು ಸುಣ್ಣ ಕೊಳ್ಳುವುದಕ್ಕೆ ಹಿಂದಿ ಹುಡುಕುತ್ತಾ ನಿಂತರೆ ಹೇಗೆ?

ಧೂಳು

ಮೇಲಿನಿಂದ ಕೆಳಗೆ: ಫ್ಯಾನ್, ಕಿಟಕಿ, ನೆಲ. ಒಣ ಪೊರಕೆಗಿಂತ ಒದ್ದೆ ಬಟ್ಟೆ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಕಿಟಕಿ ಮುಚ್ಚಿ, ರಾತ್ರಿ ತೆರೆಯಿರಿ.

ಅಲಂಕಾರ

ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್ ಹೂವಿನ ಬಳ್ಳಿ ತರಿಸಬೇಡಿ, ಒಂದೇ ವಾರಕ್ಕೆ ಕೆಂಪಾಗುತ್ತದೆ. ಸುತ್ತ ಏನೇನಿದೆ ನೋಡಿ. ಸಂಡೂರಿನ ಲಂಬಾಣಿ ಕಸೂತಿಯ ಒಂದೆರಡು ದಿಂಬಿನ ಕವರ್ ಬಿಳಿ ಗೋಡೆಯ ಎದುರು ಎದ್ದು ಕಾಣುತ್ತವೆ. ಪಡುವಣ ಕಿಟಕಿಯ ಬಿಸಿಲಿಗೆ ಮಾತ್ರ ಇಡಬೇಡಿ, ಬಣ್ಣ ಹೋಗುತ್ತದೆ. ಕೊಪ್ಪಳದ ಕಿನ್ನಾಳದಿಂದ ಒಂದು ಗೊಂಬೆ ತನ್ನಿ. ಹಗುರ ಮರದ ಮೇಲೆ ಮರದ ಹೊಟ್ಟು, ಹುಣಸೆ ಬೀಜದ ಅಂಟು ಮೆತ್ತಿ ಮಾಡುವ ಗೊಂಬೆ ಅದು, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಹಳೇ ಸೀರೆಗಳಿದ್ದರೆ ಕೌದಿ ಹೊಲಿಸಿ ದಿವಾನದ ಮೇಲೆ ಹಾಸಿ. ಇದು ಜೀನ್ಸ್ ಹೊಲಿಯುವ ಊರು. ಪರಿಚಯದ ಟೈಲರ್ ಹತ್ತಿರ ಕಟ್‌ಪೀಸ್ ಕೇಳಿ ತಂದು ನಾಲ್ಕು ಜೇಬು ಹೊಲಿದು ಬಾಗಿಲ ಹಿಂದೆ ತೂಗುಹಾಕಿದರೆ ಬಿಲ್ಲು, ಬೀಗದ ಕೈ, ಚಾರ್ಜರ್ ಎಲ್ಲಕ್ಕೂ ಜಾಗ. ಮೊಳೆ ಹೊಡೆಯಬೇಡಿ, ಚಿಲಕಕ್ಕೇ ಕಟ್ಟಿ.

ಏಣಿ, ದೊಡ್ಡ ಬ್ರಶ್ ಸಂಘದ ಕೋಣೆಯಲ್ಲಿವೆ, ಹೆಸರು ಬರೆದು ಒಯ್ಯಬಹುದು. ವಾಪಸ್ ತರುವಾಗ ಬ್ರಶ್ ತೊಳೆದು ತನ್ನಿ. ಕಳೆದ ಸಲ ಒಯ್ದವರು ಸುಣ್ಣ ಕಲ್ಲಾಗುವವರೆಗೆ ಹಾಗೇ ಬಿಟ್ಟು ತಂದಿದ್ದರು.