ನೀರಹಲಸಿನ ಸಸಿ ಎಬ್ಬಿಸುವುದು ಹೇಗೆ? ಜೊತೆಗೆ ಹೌಮೇಯಾ ಕತೆ

ನೀರಹಲಸು ಅಂದರೆ ಕೆಲವರು ಜೀಗುಜ್ಜೆ ಅನ್ನುವ ಕಾಯಿ. ಹೊನ್ನಾವರದ ನಮ್ಮ ಹಿತ್ತಿಲಿಗೆ ಬಂದವರು ಕೇಳುವುದು ಒಂದೇ: "ಅಕ್ಕಾ, ನೀರಹಲಸಿನ ಬೀಜ ಇದ್ರೆ ಕೊಡಿ." ಎಲ್ಲಿಂದ ತರಲಿ? ನಮ್ಮ ಮರದ ಕಾಯಿಯಲ್ಲಿ ಬೀಜವೇ ಇರುವುದಿಲ್ಲ. ಸಸಿ ಬೇಕಾದರೆ ಬೇರಿನಿಂದಲೇ ಎಬ್ಬಿಸಬೇಕು.

ಮಳೆ ಹಿಡಿಯುವ ಹೊತ್ತಿಗೆ ಶುರು ಮಾಡಿ. ಬುಡದಿಂದ ಸ್ವಲ್ಪ ಆಚೆ ಮಣ್ಣು ಮೆಲ್ಲಗೆ ಕೆದಕಿ. ಬೇರು ಮೇಲುಮೇಲೇ ಹರಿದಿರುತ್ತದೆ, ಗುದ್ದಲಿ ಬೇಡ. ಹೆಬ್ಬೆರಳು ದಪ್ಪದ ಬೇರು ಸಿಕ್ಕಿದರೆ ಕತ್ತಿಯಿಂದ ಸಿಪ್ಪೆಯನ್ನಷ್ಟೇ ಗೀರಿ. ಬಿಳಿ ಮೇಣ ಒಸರುತ್ತದೆ. ಕೈಗೆ ಮೊದಲೇ ತೆಂಗಿನೆಣ್ಣೆ ಹಚ್ಚಿಕೊಂಡಿರಿ, ಇಲ್ಲದಿದ್ದರೆ ಸೋಪು ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಗೀರಿದಲ್ಲಿ ತೆಳುವಾಗಿ ಮಣ್ಣು, ಮೇಲೆ ತರಗೆಲೆ. ಚಿಗುರಲು ತಿಂಗಳುಗಳೇ ಹಿಡಿಯಬಹುದು. ಸುಮ್ನೆ ದಿನಾ ಕೆದಕಿ ನೋಡಬೇಡಿ.

ಮೊಮ್ಮಗಳು "ಬಂತಾ ಅಜ್ಜಿ?" ಅಂತ ಪ್ರಾಣ ತಿನ್ನುವಾಗ ನಾನು ಹೌಮೇಯಾ ಕತೆ ತೆಗೆಯುತ್ತೇನೆ. ಹವಾಯಿಯಲ್ಲೂ ಈ ಮರ ಇದೆ, ಅಲ್ಲಿ ಉಲು ಅನ್ನುತ್ತಾರೆ. ಪಾಲಿನೇಷ್ಯದ ಜನ ದೋಣಿಯಲ್ಲಿ ತಂದು ನೆಟ್ಟದ್ದು. ಹೌಮೇಯಾ ಅವರ ಸಂತಾನದ, ಹೆರಿಗೆಯ ದೇವಿ. ಜ್ವಾಲಾಮುಖಿಯ ದೇವಿ ಪೆಲೆ ಅವಳ ಮಗಳು. ಮಕ್ಕಳೆಲ್ಲ ಹುಟ್ಟಿದ್ದು ಅವಳ ಮೈಯ ಬೇರೆ ಬೇರೆ ಭಾಗದಿಂದ. ಮುದುಕಿಯಾದರೆ ಮತ್ತೆ ಹರೆಯದವಳಾಗಿ ಬರುತ್ತಾಳೆ. ಓಲೋಪಾನ ದೊರೆಯ ಮಗಳು ಹೆರಲಾರದೆ ಒದ್ದಾಡುವಾಗ, ಹೊಟ್ಟೆ ಕೊಯ್ಯದೆ ಹೆರಿಗೆ ಮಾಡಿಸಿದವಳು ಇವಳೇ. ಅದಕ್ಕೆ ಪಡೆದದ್ದು ಏನು ಗೊತ್ತಾ? ಚಿನ್ನ ಅಲ್ಲ, ಒಂದು ಹೂವಿನ ಮರ!

ಇನ್ನೊಂದು ಕತೆಯಲ್ಲಿ, ಹವಾಯಿಯ ಒವಾಹು ದ್ವೀಪದ ಕಾಲಿಹಿಯಲ್ಲಿ ಅಲ್ಲಿನ ದೊರೆಯ ಆಳುಗಳು ಅವಳ ಗಂಡನನ್ನು ಕಟ್ಟಿ ಒಯ್ದರು. ಹೌಮೇಯಾ ಓಡಿ ಬಂದು ಅವನನ್ನು ಅಪ್ಪಿ ಹಿಡಿದು ಉಲು ಮರದೊಳಗೇ ಹೊಕ್ಕುಬಿಟ್ಟಳು. ಮರ ಕಡಿಯಹೋದವರು ಚಕ್ಕೆ, ಮೇಣ ತಾಗಿ ಸತ್ತರಂತೆ. ನಮ್ಮ ಮರದ ಮೇಣ ಸೀರೆಯನ್ನಷ್ಟೇ ಹಾಳು ಮಾಡುತ್ತದೆ, ಪುಣ್ಯ.

ಚಿಗುರು ಗೇಣುದ್ದವಾದ ಮೇಲೆ ಅದರ ಒಂದು ಬದಿಯ ಬೇರು ಕತ್ತರಿಸಿ. ಕೆಲವು ವಾರ ಬಿಟ್ಟು ಇನ್ನೊಂದು ಬದಿ. ಒಮ್ಮೆಲೇ ಎರಡೂ ಕತ್ತರಿಸಿದರೆ ಸಸಿ ಬಾಡುವುದೇ ಜಾಸ್ತಿ. ಬೇರಿನ ತುಂಡು ಸಮೇತ ಎತ್ತಿ, ಮಣ್ಣು, ಮರಳು, ಹಳೆ ಸಗಣಿ ಗೊಬ್ಬರ ತುಂಬಿದ ಕೊಟ್ಟೆಯಲ್ಲಿ (ಚೀಲದಲ್ಲಿ) ಇಟ್ಟು ನೆರಳಲ್ಲಿಡಿ. ಮುಂದಿನ ಮಳೆಗೆ ನೆಡಿ. ನೀರು ನಿಲ್ಲುವ ಜಾಗ ಬೇಡ, ಮನೆಗೋಡೆಯ ಹತ್ತಿರವಂತೂ ಬೇಡವೇ ಬೇಡ.

ಕಾಯಿಗೆ ನಾಲ್ಕೈದು ವರ್ಷ ಬೇಕು. ಸಿಪ್ಪೆಯ ಮೇಲೆ ಮೇಣದ ಹನಿ ಒಣಗಿ ಕೂತಿದ್ದರೆ ಬಲಿತಿದೆ ಅಂತ. ಕೊಯ್ದು ತೊಟ್ಟು ಕೆಳಗೆ ಮಾಡಿಟ್ಟು ಮೇಣ ಸೋರಲು ಬಿಡಿ. ಆಮೇಲೆ ತೆಳ್ಳಗೆ ಹೆಚ್ಚಿ, ಉಪ್ಪು, ಖಾರ, ರವೆ ಹಚ್ಚಿ ಕಾವಲಿಯ ಮೇಲೆ ಕಾಯಿಸಿ.